ಮಲೆನಾಡಿನ ರಸ್ತೆಯಲ್ಲಿ ಫೋನು ಮತ್ತು ಕಾರಿನ ಸ್ಕ್ರೀನು: ಜೋಡಿಸುವುದು ಹೇಗೆ, ಕೈಕೊಡುವುದು ಏಕೆ

ಶಿವಮೊಗ್ಗದ ಯಾವುದೇ ಶೋರೂಮಿನ ಅಂಗಳದಲ್ಲಿ ಕಾರಿನ ಸ್ಕ್ರೀನಿಗೆ ಫೋನು ಜೋಡಿಸಿ ತೋರಿಸುವಾಗ ಎಲ್ಲವೂ ಸಲೀಸು. ಅಲ್ಲಿ ನೆಟ್‌ವರ್ಕ್ ತುಂಬಿರುತ್ತದೆ, ಕಾರು ನಿಂತಿರುತ್ತದೆ, ಕೇಬಲ್ ಹೊಸದಾಗಿರುತ್ತದೆ. ಅದೇ ಜೋಡಣೆ ತೀರ್ಥಹಳ್ಳಿ ದಾಟಿ ಆಗುಂಬೆಯತ್ತ ಹೊರಟಾಗ ಅಥವಾ ಹೊಸನಗರದಿಂದ ಹುಲಿಕಲ್ ಘಾಟಿ ಇಳಿಯುವಾಗ ಕೈಕೊಡುತ್ತದೆ. ಸಿಗ್ನಲ್ ಹೋಗುತ್ತದೆ, ಗುಂಡಿಗೆ ಚಕ್ರ ಬಿದ್ದಾಗ ಕೇಬಲ್ ಅಲುಗುತ್ತದೆ, ಮಳೆಗಾಲದ ತೇವವೋ ಬೇಸಿಗೆಯ ಕೆಂಪು ಧೂಳೋ ಪೋರ್ಟಿನೊಳಗೆ ಸೇರಿಕೊಂಡಿರುತ್ತದೆ. ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಪರಿಹಾರ ಹೊರಡುವ ಹಿಂದಿನ ದಿನ ಮನೆಯಲ್ಲೇ ಇದೆ. ದಾರಿಯಲ್ಲಿ ಮಾಡಬಹುದಾದದ್ದು ಕಡಿಮೆ.

ಕಾರಿನ ಸ್ಕ್ರೀನು ಮಾಡುವುದೇನು

ಫೋನನ್ನು ಕಾರಿನ ಸ್ಕ್ರೀನಿಗೆ ಜೋಡಿಸುವ ವ್ಯವಸ್ಥೆ ಎರಡು: ಆಂಡ್ರಾಯ್ಡ್ ಫೋನಿಗೆ ಆಂಡ್ರಾಯ್ಡ್ ಆಟೋ, ಐಫೋನಿಗೆ ಆಪಲ್ ಕಾರ್‌ಪ್ಲೇ. ಎರಡರಲ್ಲೂ ಲೆಕ್ಕಾಚಾರವೆಲ್ಲ ನಡೆಯುವುದು ಫೋನಿನಲ್ಲಿ. ಮ್ಯಾಪು ಫೋನಿನದು, ಇಂಟರ್‌ನೆಟ್ ಫೋನಿನ ಸಿಮ್ಮಿನದು, ಹಾಡೂ ಫೋನಿನದೇ. ಕಾರಿನ ಸ್ಕ್ರೀನು ಆ ಚಿತ್ರವನ್ನು ತೋರಿಸುತ್ತದೆ, ಬೆರಳು ಎಲ್ಲಿ ಮುಟ್ಟಿತೆಂದು ಫೋನಿಗೆ ತಿಳಿಸುತ್ತದೆ, ಧ್ವನಿಯನ್ನು ಸ್ಪೀಕರಿಗೆ ಕಳಿಸುತ್ತದೆ. ಹಾಗಾಗಿ ಮ್ಯಾಪು ತಡವರಿಸಿದರೆ, ದಾರಿ ತಪ್ಪು ತೋರಿಸಿದರೆ ಕಾರಿನ ಸರ್ವಿಸ್ ಸೆಂಟರಿಗೆ ಹೋಗಿ ಪ್ರಯೋಜನವಿಲ್ಲ. ಸ್ಕ್ರೀನು ಕಪ್ಪಾದರೆ, ಟಚ್ ಕೆಲಸ ಮಾಡದಿದ್ದರೆ, ರಿವರ್ಸ್ ಕ್ಯಾಮೆರಾ ಬಾರದಿದ್ದರೆ ಮಾತ್ರ ಅದು ಕಾರಿನ ಕಡೆಯ ದೋಷ.

ಐಫೋನಿನಲ್ಲಿ ಕಾರ್‌ಪ್ಲೇ ಮೊದಲಿಂದಲೇ ಇರುತ್ತದೆ, ಆದರೆ ಮಾತು ಕೇಳಿ ಕೆಲಸ ಮಾಡುವ ಸಹಾಯಕ ‘ಸಿರಿ’ ಆನ್ ಆಗಿರಲೇಬೇಕು. ಆಂಡ್ರಾಯ್ಡ್ 10ರಿಂದ ಆಂಡ್ರಾಯ್ಡ್ ಆಟೋ ಫೋನಿನಲ್ಲೇ ಅಡಕವಾಗಿದೆ, ಬೇರೆ ಆ್ಯಪ್ ಹುಡುಕುವುದು ಬೇಡ. ವೈರ್‌ಲೆಸ್ ಆಗಿ ಬಳಸಲು ಬಹುತೇಕ ಫೋನುಗಳಿಗೆ ಆಂಡ್ರಾಯ್ಡ್ 11 ಮತ್ತು 5 ಗಿಗಾಹರ್ಟ್ಸ್ ವೈಫೈ ಬೇಕು. ಕಡಿಮೆ ಬೆಲೆಯ ಕೆಲವು ಫೋನುಗಳಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇರುತ್ತದೆ. ಅಂಥ ಫೋನಿಗೆ ಕೇಬಲ್ಲೇ ಗತಿ.

ಕೇಬಲ್ಲೋ, ವೈರ್‌ಲೆಸ್ಸೋ

ಊರೊಳಗೆ, ನೆಹರು ರಸ್ತೆಯಿಂದ ವಿನೋಬನಗರಕ್ಕೆ ಓಡಾಡುವವರಿಗೆ ವೈರ್‌ಲೆಸ್ ಸಾಕು. ಘಾಟಿ ಇಳಿಯುವವರು ಕೇಬಲ್ಲನ್ನೇ ನಂಬುವುದು ಒಳ್ಳೆಯದು, ಕಾರಿನಲ್ಲಿ ವೈರ್‌ಲೆಸ್ ಸೌಲಭ್ಯ ಇದ್ದರೂ ಸಹ.

ಕಾರಣ ಹೀಗಿದೆ. ವೈರ್‌ಲೆಸ್ ಜೋಡಣೆಯಲ್ಲಿ ಬ್ಲೂಟೂತ್ ಬರೀ ಪರಿಚಯ ಮಾಡಿಕೊಡುತ್ತದೆ. ಆಮೇಲೆ ಚಿತ್ರ, ಧ್ವನಿ ಎಲ್ಲವೂ ಕಾರು ಮತ್ತು ಫೋನಿನ ನಡುವೆ ವೈಫೈ ಮೂಲಕ ಹರಿಯುತ್ತದೆ. ಆ ಹೊತ್ತಿಗೆ ಫೋನು ಜಿಪಿಎಸ್ ನಡೆಸುತ್ತಿರುತ್ತದೆ, ಸಿಗ್ನಲ್ ಕ್ಷೀಣವಾದ ಕಾಡಿನ ದಾರಿಯಲ್ಲಿ ಟವರ್ ಹುಡುಕಲು ಹೆಚ್ಚು ಶಕ್ತಿಯನ್ನೂ ಸುರಿಯುತ್ತಿರುತ್ತದೆ. ಮೂರೂ ಸೇರಿ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಮೇಲಿಟ್ಟರೆ ಬಿಸಿ ಇನ್ನೂ ಏರುತ್ತದೆ; ಬಿಸಿ ಮಿತಿ ದಾಟಿದಾಗ ಫೋನು ತಾನಾಗಿಯೇ ಚಾರ್ಜಿಂಗ್ ನಿಲ್ಲಿಸುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಪ್ಯಾಡಿನ ಮೇಲಿಂದ ಫೋನು ಜಾರಿ ಪಕ್ಕಕ್ಕೆ ಸರಿದರೂ ಚಾರ್ಜಿಂಗ್ ನಿಂತಂತೆಯೇ.

ಕೇಬಲ್ಲಿಗೂ ಅದರದೇ ಕಾಯಿಲೆಗಳಿವೆ. ಅಂಗಡಿಯಲ್ಲಿ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಹಲವು ಚಾರ್ಜಿಂಗ್‌ಗೆ ಮಾತ್ರ, ಡೇಟಾ ಸಾಗಿಸುವ ತಂತಿಯೇ ಅವುಗಳೊಳಗೆ ಇರುವುದಿಲ್ಲ. ಪರೀಕ್ಷೆ ಸುಲಭ: ಕೇಬಲ್ಲಿನಿಂದ ಫೋನನ್ನು ಲ್ಯಾಪ್‌ಟಾಪಿಗೆ ಹಾಕಿ, ಆಂಡ್ರಾಯ್ಡ್ ಆದರೆ ಫೋನಿನಲ್ಲಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಫೈಲುಗಳು ಕಾಣಿಸಿದರೆ ಡೇಟಾ ಕೇಬಲ್, ಬರೀ ಚಾರ್ಜ್ ಆದರೆ ಅದನ್ನು ಮನೆಯ ಚಾರ್ಜರಿಗೆ ಬಿಡಿ. ಉದ್ದ 1 ಮೀಟರಿಗಿಂತ ಹೆಚ್ಚಿರಬಾರದು, ಗೇರ್ ಲಿವರಿನ ಹತ್ತಿರವೇ ಫೋನಿಡಲು ಜಾಗವಿದ್ದರೆ ಅರ್ಧ ಮೀಟರು ಇನ್ನೂ ಉತ್ತಮ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ದುರ್ಬಲವಾಗುತ್ತದೆ, ಗೇರಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ತುದಿ ‘ಎಲ್’ ಆಕಾರದಲ್ಲಿ ಬಾಗಿರುವ ಕೇಬಲ್ ಸಿಕ್ಕರೆ ಅದನ್ನೇ ಕೊಳ್ಳಿ. ನೇರ ತುದಿಯ ಪ್ಲಗ್ಗು ಕುಲುಕಾಟಕ್ಕೆ ಸಿಕ್ಕಿ ಪೋರ್ಟನ್ನು ಸಡಿಲ ಮಾಡುತ್ತದೆ.

ಇನ್ನೊಂದು ಗೊಂದಲ ಕಾರಿನ ಪೋರ್ಟುಗಳದು. ಎರಡು ಮೂರು ಯುಎಸ್‌ಬಿ ಪೋರ್ಟುಗಳಿದ್ದರೂ ಸಾಮಾನ್ಯವಾಗಿ ಒಂದರಲ್ಲಿ ಮಾತ್ರ ಡೇಟಾ ಹರಿಯುತ್ತದೆ. ಆ ಪೋರ್ಟಿನ ಪಕ್ಕ ತ್ರಿಶೂಲದಂಥ ಯುಎಸ್‌ಬಿ ಗುರುತೋ ಫೋನಿನ ಚಿತ್ರವೋ ಇರುತ್ತದೆ. ಮಿಂಚಿನ ಗುರುತೋ ಬ್ಯಾಟರಿ ಗುರುತೋ ಮಾತ್ರ ಇರುವ ಪೋರ್ಟು ಚಾರ್ಜಿಂಗ್‌ಗೆ. ಹಳೆಯ ಕಾರುಗಳ ಡೇಟಾ ಪೋರ್ಟು ಕೊಡುವುದು 0.5 ಆಂಪಿಯರ್, ಅಂದರೆ 2.5 ವ್ಯಾಟ್ ಅಷ್ಟೇ. ಮ್ಯಾಪು, ಹಾಡು ಎರಡೂ ಓಡುತ್ತಿದ್ದರೆ ಪ್ಲಗ್ ಹಾಕಿಟ್ಟ ಫೋನಿನ ಚಾರ್ಜೂ ನಿಧಾನವಾಗಿ ಇಳಿಯುತ್ತದೆ. ಮನೆಯಿಂದ 100 ಶೇಕಡ ತುಂಬಿಸಿ ಹೊರಡಿ, ಜೋಡಣೆ ಆದಮೇಲೆ ಫೋನಿನ ಸ್ವಂತ ಸ್ಕ್ರೀನನ್ನು ಆಫ್ ಮಾಡಿ. ಕಾರಿನ ಸ್ಕ್ರೀನಿನಲ್ಲಿ ಎಲ್ಲವೂ ನಡೆಯುತ್ತಲೇ ಇರುತ್ತದೆ.

ದೊಡ್ಡ ಸ್ಕ್ರೀನಿದ್ದರೆ ವೈರ್‌ಲೆಸ್ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಹ್ಯುಂಡೈ, ಕಿಯಾ ಕಂಪನಿಗಳ ಹಲವು ಮಾದರಿಗಳಲ್ಲಿ ವರ್ಷಗಟ್ಟಲೆ 8 ಇಂಚಿನ ಸ್ಕ್ರೀನಿಗೆ ವೈರ್‌ಲೆಸ್ ಇತ್ತು, ದುಬಾರಿ ವೇರಿಯಂಟಿನ 10.25 ಇಂಚಿನದಕ್ಕೆ ಕೇಬಲ್ ಬೇಕಿತ್ತು. ಕೇಬಲ್ ಮಾತ್ರ ಇರುವ ಕಾರಿನ ಯುಎಸ್‌ಬಿ ಪೋರ್ಟಿಗೆ ವೈರ್‌ಲೆಸ್ ಡಾಂಗಲ್ ಎಂಬ ಪುಟ್ಟ ಸಾಧನ ಹಾಕಬಹುದು, ಆದರೆ ಕಾರಿನಲ್ಲಿ ಕೇಬಲ್ ಮೂಲಕ ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಮೊದಲೇ ಇರಬೇಕು. ಬರೀ ಬ್ಲೂಟೂತ್ ಇರುವ ಸ್ಟೀರಿಯೋಗೆ ಡಾಂಗಲ್ ಕೊಂಡರೆ ದುಡ್ಡು ದಂಡ.

ಮೊದಲ ಸಲ ಜೋಡಿಸುವ ಕ್ರಮ

ಕಾರು ನಿಂತಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಚಲಿಸುವ ಕಾರಿನಲ್ಲಿ ಮೊದಲ ಜೋಡಣೆಗೆ ಸಿಸ್ಟಂ ಒಪ್ಪುವುದಿಲ್ಲ. ಮೊಬೈಲ್ ಡೇಟಾ ಚೆನ್ನಾಗಿರುವ ಜಾಗ ಆರಿಸಿಕೊಳ್ಳಿ. ಮೊದಲ ಸಲ ಏನಾದರೂ ಅಪ್‌ಡೇಟ್ ಕೇಳುವುದು ಮಾಮೂಲು.

ಆಂಡ್ರಾಯ್ಡ್ ಫೋನಾದರೆ ಬ್ಲೂಟೂತ್, ವೈಫೈ, ಲೊಕೇಶನ್ ಮೂರನ್ನೂ ಆನ್ ಮಾಡಿ, ಫೋನಿನ ಲಾಕ್ ತೆಗೆದು, ಡೇಟಾ ಪೋರ್ಟಿಗೆ ಕೇಬಲ್ ಹಾಕಿ. ಫೋನಿನಲ್ಲಿ ಒಂದಾದ ಮೇಲೊಂದು ಅನುಮತಿ ಕೇಳುತ್ತದೆ: ಕಾಂಟ್ಯಾಕ್ಟ್ಸ್, ಕರೆ, ಲೊಕೇಶನ್, ನೋಟಿಫಿಕೇಶನ್. ಲೊಕೇಶನ್ ನಿರಾಕರಿಸಿದರೆ ಮ್ಯಾಪು ಕೂತಲ್ಲೇ ಕೂರುತ್ತದೆ, ಕಾಂಟ್ಯಾಕ್ಟ್ಸ್ ನಿರಾಕರಿಸಿದರೆ ಹೆಸರು ಹೇಳಿ ಕರೆ ಮಾಡಲಾಗದು. ಏನೂ ಕೇಳದೆ ಸುಮ್ಮನೆ ಚಾರ್ಜ್ ಆಗುತ್ತಿದ್ದರೆ ಕಾರಿನ ಸೆಟ್ಟಿಂಗ್ಸ್‌ನಲ್ಲಿ ‘ಫೋನ್ ಪ್ರೊಜೆಕ್ಷನ್’ ಅಥವಾ ‘ಡಿವೈಸ್ ಕನೆಕ್ಷನ್’ ಎಂಬಲ್ಲಿ ಆಂಡ್ರಾಯ್ಡ್ ಆಟೋ ಆಫ್ ಆಗಿದೆಯೇ ನೋಡಿ. ಫೋನಿನ ಕಡೆ ಇದು ಸಿಗುವುದು ಸೆಟ್ಟಿಂಗ್ಸ್, ಕನೆಕ್ಟೆಡ್ ಡಿವೈಸಸ್, ಕನೆಕ್ಷನ್ ಪ್ರಿಫರೆನ್ಸಸ್, ಆಂಡ್ರಾಯ್ಡ್ ಆಟೋ ಎಂಬ ದಾರಿಯಲ್ಲಿ. ಕೆಲವು ಕಂಪನಿಗಳು ಮೆನುವಿನ ಜಾಗ ಬದಲಿಸಿರುತ್ತವೆ. ಆಗ ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ‘ಆಟೋ’ ಎಂದು ಟೈಪಿಸಿದರೆ ಸಾಕು. ಅದೇ ಪುಟದಲ್ಲಿ ಫೋನು ಲಾಕ್ ಆಗಿದ್ದರೂ ಶುರುವಾಗಲು ಬಿಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿಡಿ. ಇಲ್ಲದಿದ್ದರೆ ಪ್ರತಿ ಸಲ ಕಾರು ಹತ್ತಿದಾಗಲೂ ಲಾಕ್ ತೆಗೆಯುವ ಕೆಲಸ.

ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಕಾರ್‌ಪ್ಲೇ. ವೈರ್‌ಲೆಸ್ ಆದರೆ ಸ್ಟೀರಿಂಗಿನ ಮಾತಿನ ಗುಂಡಿಯನ್ನು ಒತ್ತಿ ಹಿಡಿದಾಗ ಆ ಪಟ್ಟಿಯಲ್ಲಿ ಕಾರಿನ ಹೆಸರು ಬರುತ್ತದೆ. ಕಾರ್‌ಪ್ಲೇ ಎಂಬ ಆಯ್ಕೆಯೇ ಕಾಣದಿದ್ದರೆ ಸ್ಕ್ರೀನ್ ಟೈಮ್‌ನ ನಿರ್ಬಂಧಗಳಲ್ಲಿ ಅದನ್ನು ಯಾರೋ ಮುಚ್ಚಿರುತ್ತಾರೆ. ಮಕ್ಕಳಿಗೆಂದು ಫೋನಿಗೆ ನಿರ್ಬಂಧ ಹಾಕಿ ಮರೆತ ಮನೆಗಳಲ್ಲಿ ಇದು ಆಗಾಗ ಕಾಣುವ ತೊಡಕು.

ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಳ್ಳಿ

ಇಡೀ ವಿಷಯದಲ್ಲಿ ಬಿಡಲೇಬಾರದ ಹೆಜ್ಜೆ ಇದು. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ. ನೀವೆಲ್ಲಿದ್ದೀರಿ ಎಂಬುದು ಉಪಗ್ರಹದಿಂದ ಬರುತ್ತದೆ. ಸಿಗ್ನಲ್ ಬೇಕಾದದ್ದು ಮ್ಯಾಪಿನ ಚಿತ್ರಕ್ಕೆ, ದಾರಿ ಲೆಕ್ಕಹಾಕಲಿಕ್ಕೆ. ಶಿವಮೊಗ್ಗದಲ್ಲಿ ದಾರಿ ಹಾಕಿಕೊಂಡು ಹೊರಟರೆ ಸಿಗ್ನಲ್ ಹೋದರೂ ಆ ಗೆರೆ ಸ್ಕ್ರೀನಿನಲ್ಲಿ ಉಳಿದಿರುತ್ತದೆ. ನಿಜವಾದ ತೊಂದರೆ ಶುರುವಾಗುವುದು ಒಂದು ತಿರುವು ತಪ್ಪಿದಾಗ. ಹೊಸ ದಾರಿ ಲೆಕ್ಕಹಾಕಲು ಆಧಾರವಿಲ್ಲದೆ ಆ್ಯಪು ಸುತ್ತುತ್ತಲೇ ಇರುತ್ತದೆ, ಸ್ಕ್ರೀನಿನಲ್ಲಿ ಬೂದು ಬಣ್ಣದ ಖಾಲಿ ಹಾಳೆಯ ಮೇಲೆ ನೀಲಿ ಬಾಣ ಮಾತ್ರ ಚಲಿಸುತ್ತದೆ.

ಗೂಗಲ್ ಮ್ಯಾಪ್ಸ್‌ನಲ್ಲಿ ಮೇಲ್ಗಡೆ ಬಲಮೂಲೆಯ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’, ಆಮೇಲೆ ‘ಸೆಲೆಕ್ಟ್ ಯುವರ್ ಓನ್ ಮ್ಯಾಪ್’. ಒಂದು ಚೌಕಟ್ಟು ಬರುತ್ತದೆ. ಅದರೊಳಗೆ ಹೋಗುವ ಊರು ಮಾತ್ರ ಇದ್ದರೆ ಸಾಲದು. ಉತ್ತರಕ್ಕೆ ಸೊರಬ, ಶಿಕಾರಿಪುರ, ಪಶ್ಚಿಮಕ್ಕೆ ಹೊನ್ನಾವರದಿಂದ ಉಡುಪಿವರೆಗಿನ ಕರಾವಳಿ, ದಕ್ಷಿಣಕ್ಕೆ ಶೃಂಗೇರಿ, ಚಿಕ್ಕಮಗಳೂರು ಬರುವಷ್ಟು ಅಗಲಿಸಿ. ಘಾಟಿಯ ಮೇಲೊಂದು ತುಂಡು, ಕೆಳಗೊಂದು ತುಂಡು ಮಾಡಿದರೆ ನಡುವೆ ಸಂದು ಉಳಿಯಬಹುದು. ಎಷ್ಟು ಎಂಬಿ ಬೇಕೆಂದು ಇಳಿಸುವ ಮೊದಲೇ ಆ್ಯಪು ತೋರಿಸುತ್ತದೆ. ಮನೆಯ ವೈಫೈನಲ್ಲೇ ಇಳಿಸಿ.

ಇಳಿಸಿದ ಮ್ಯಾಪಿಗೂ ಅವಧಿ ಇದೆ, ಅದು ಮುಗಿಯುವ ಮೊದಲು ವೈಫೈ ಸಿಕ್ಕರೆ ತಾನೇ ನವೀಕರಿಸಿಕೊಳ್ಳುತ್ತದೆ. ಅವಧಿ ಇದ್ದರೂ ದೊಡ್ಡ ಪ್ರಯಾಣಕ್ಕೆ ಮುನ್ನ ‘ಅಪ್‌ಡೇಟ್’ ಒತ್ತಿ. ಸಿಗಂದೂರಿನ ಉದಾಹರಣೆ ಸಾಕು. 2025ರ ಜುಲೈವರೆಗೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕಿತ್ತು, ಕಾರೂ ಲಾಂಚಿನ ಮೇಲೆಯೇ. ಈಗ ಅಲ್ಲಿ 2 ಕಿಲೋಮೀಟರಿಗೂ ಉದ್ದದ ಸೇತುವೆ ಇದೆ. ಅದಕ್ಕೆ ಮೊದಲು ಇಳಿಸಿ, ಮತ್ತೆ ನವೀಕರಿಸದ ಮ್ಯಾಪಿನಲ್ಲಿ ಸೇತುವೆ ಇರುವುದಿಲ್ಲ. ಆ್ಯಪಿನ ಪಾಲಿಗೆ ನೀವು ನೀರಿನ ಮೇಲೆ ಓಡುತ್ತಿರುತ್ತೀರಿ.

ಎಲ್ಲ ಸರಿಯಾಗಿದೆಯೇ ಎಂದು ಅಂಗಳದಲ್ಲೇ ಪರೀಕ್ಷಿಸಬಹುದು. ಕೇಬಲ್ ಜೋಡಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ವೈರ್‌ಲೆಸ್ ಆದರೆ ಏರೋಪ್ಲೇನ್ ಮೋಡಿನಲ್ಲೇ ಬ್ಲೂಟೂತ್, ವೈಫೈ ಮತ್ತೆ ಆನ್ ಮಾಡಿ. ಈಗ ಆಗುಂಬೆಗೋ ಜೋಗಕ್ಕೋ ದಾರಿ ಕೇಳಿ. ದಾರಿ ಬಂದರೆ, ಕಾರು ಹತ್ತು ಹೆಜ್ಜೆ ಮುಂದೆ ಸರಿದಾಗ ಬಾಣವೂ ಸರಿದರೆ ತಯಾರಿ ಮುಗಿಯಿತು. ಈ ಪರೀಕ್ಷೆಯಲ್ಲಿ ಪಾಸಾಗದ ಫೋನು ಹುಲಿಕಲ್ ದಾರಿಯ ಮಾಸ್ತಿಕಟ್ಟೆಯ ಆಚೆ ಪಾಸಾಗುವುದಿಲ್ಲ.

ಆಫ್‌ಲೈನ್ ಇದ್ದಾಗ ಟ್ರಾಫಿಕ್ ಮಾಹಿತಿ ಇರುವುದಿಲ್ಲ, ತಲುಪುವ ಸಮಯದ ಲೆಕ್ಕವೂ ಒಣ ರಸ್ತೆಯದು. ಜುಲೈ ಮಳೆಯಲ್ಲಿ ಅದನ್ನು ನಂಬಿ ಊಟಕ್ಕೆ ಬರುತ್ತೇವೆಂದು ನೆಂಟರಿಗೆ ಮಾತು ಕೊಡಬೇಡಿ. ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಷೇಧಿಸುವುದು, ಮಣ್ಣು ಕುಸಿದು ದಾರಿ ಮುಚ್ಚುವುದು ಇವೆಲ್ಲ ಜಿಲ್ಲಾಡಳಿತದ ಆದೇಶದಿಂದ ಗೊತ್ತಾಗಬೇಕೇ ಹೊರತು ಮ್ಯಾಪಿನಿಂದ ಅಲ್ಲ. ಹೊರಡುವ ಬೆಳಿಗ್ಗೆ ಪತ್ರಿಕೆಯನ್ನೊಮ್ಮೆ ನೋಡುವ ಹಳೆಯ ಅಭ್ಯಾಸ ಇಲ್ಲಿ ಈಗಲೂ ಕೆಲಸಕ್ಕೆ ಬರುತ್ತದೆ.

ದಾರಿಯನ್ನು ನೀವೇ ಕಟ್ಟಿ

ಮ್ಯಾಪು ಹುಡುಕುವುದು ಬೇಗ ತಲುಪಿಸುವ ದಾರಿಯನ್ನು. ಮಲೆನಾಡಿನಲ್ಲಿ ಅದು ಕೆಲವೊಮ್ಮೆ ಯಾರದೋ ತೋಟದ ನಡುವಿನ ಮಣ್ಣು ರಸ್ತೆಯಾಗಿರುತ್ತದೆ, ಬೇಸಿಗೆಯಲ್ಲಿ ಜೀಪು ಹೋಗುತ್ತದೆ ಎಂಬ ಕಾರಣಕ್ಕೆ ಮ್ಯಾಪಿನಲ್ಲಿ ಗೆರೆಯಾಗಿ ಮೂಡಿರುತ್ತದೆ. ಶಿವಮೊಗ್ಗದಿಂದ ಕುಂದಾಪುರಕ್ಕೆ ಹೋಗಲು ಹೊಸನಗರ, ಮಾಸ್ತಿಕಟ್ಟೆ, ಹುಲಿಕಲ್ ಒಂದು ದಾರಿ; ನಗರ, ಕೊಲ್ಲೂರು ಇನ್ನೊಂದು; ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮತ್ತೊಂದು. ನಿಮಗೆ ಬೇಕಾದದ್ದನ್ನು ಆರಿಸಿ, ನಡುವಿನ ಊರನ್ನು ‘ಆ್ಯಡ್ ಸ್ಟಾಪ್’ ಮೂಲಕ ಸೇರಿಸಿ. ಹುಲಿಕಲ್ ದಾರಿಗೆ ಮಾಸ್ತಿಕಟ್ಟೆ, ಆಗುಂಬೆ ದಾರಿಗೆ ಆಗುಂಬೆಯನ್ನೇ ಸೇರಿಸಿದರೆ ಆ್ಯಪು ಅಡ್ಡದಾರಿ ಹಿಡಿಸುವುದು ಬಹುಮಟ್ಟಿಗೆ ತಪ್ಪುತ್ತದೆ. ಇದನ್ನು ಫೋನಿನಲ್ಲೇ ಮಾಡಿ, ಆಮೇಲೆ ಕಾರಿಗೆ ಜೋಡಿಸಿ. ಕಾರಿನ ಸ್ಕ್ರೀನಿನಲ್ಲಿ ಟೈಪಿಸುವುದು ನಿಧಾನ, ಕಾರು ಚಲಿಸುವಾಗ ಕೀಬೋರ್ಡೇ ಬಂದ್ ಆಗಬಹುದು.

ತೋಟದ ಮನೆಗೆ ಹೋಗುವವರು ಊರಿನ ಹೆಸರು ಹಾಕಿ ಹೊರಟರೆ ಊರಿನ ಶಾಲೆಯ ಮುಂದೆ ನಿಲ್ಲುತ್ತಾರೆ. ಒಂದೇ ಹಳ್ಳಿಯ ಮನೆಗಳು ಇಲ್ಲಿ ಮೂರು ನಾಲ್ಕು ಕಿಲೋಮೀಟರ್ ದೂರಕ್ಕೂ ಹರಡಿರುತ್ತವೆ. ಆ ಮನೆಯವರಿಂದ ಲೊಕೇಶನ್ ತರಿಸಿಕೊಳ್ಳಿ. ಲೈವ್ ಲೊಕೇಶನ್ ಬೇಡ, ಸಿಗ್ನಲ್ ಹೋದ ಕೂಡಲೇ ಅದು ನಿಲ್ಲುತ್ತದೆ. ಮನೆಯ ಮೇಲೆ ಬೆರಳು ಒತ್ತಿ ಹಿಡಿದಾಗ ಮೂಡುವ ಪಿನ್ನಿನ ಅಕ್ಷಾಂಶ-ರೇಖಾಂಶ ಸಾಕು, ಅದನ್ನು ಎಸ್‌ಎಂಎಸ್‌ನಲ್ಲೂ ಕಳಿಸಬಹುದು. ದಶಮಾಂಶದ ನಂತರ ಕನಿಷ್ಠ 4 ಅಂಕಿ ಇರಲಿ. ನಾಲ್ಕನೇ ಅಂಕಿಯ ನಿಖರತೆ ಸುಮಾರು 11 ಮೀಟರು, ಎರಡನೇ ಅಂಕಿಯದು 1 ಕಿಲೋಮೀಟರಿನ ಆಸುಪಾಸು. 13.93, 75.57 ಎಂದು ಕೊಟ್ಟರೆ ಶಿವಮೊಗ್ಗ ಸಿಗುತ್ತದೆ, ಮನೆ ಸಿಗುವುದಿಲ್ಲ. ಬಂದ ಪಿನ್ನನ್ನು ಮನೆಯಲ್ಲೇ ತೆರೆದು ‘ಸೇವ್’ ಮಾಡಿ ಹೆಸರಿಡಿ. ಕಾರಿನ ಸ್ಕ್ರೀನಿನಲ್ಲಿ ಅದು ನಿಮ್ಮ ಪಟ್ಟಿಯಲ್ಲಿ ಬರುತ್ತದೆ.

ಒಂದೇ ಆ್ಯಪನ್ನು ನೆಚ್ಚಿಕೊಳ್ಳುವುದೂ ಬೇಡ. ಆರ್ಗ್ಯಾನಿಕ್ ಮ್ಯಾಪ್ಸ್ ಉಚಿತ, ಪೂರ್ತಿ ಆಫ್‌ಲೈನ್, ಆಂಡ್ರಾಯ್ಡ್ ಆಟೋ ಮತ್ತು ಕಾರ್‌ಪ್ಲೇ ಎರಡರಲ್ಲೂ ಓಡುತ್ತದೆ. ಹೋಟೆಲು, ಅಂಗಡಿಗಳ ಹೆಸರು ಅದರಲ್ಲಿ ಕಡಿಮೆ, ಆದರೆ ಒಳರಸ್ತೆಯ ವಿವರ ಕೆಲವು ಕಡೆ ಅಚ್ಚರಿಯಾಗುವಷ್ಟು ಚೆನ್ನಾಗಿದೆ. ನಮ್ಮ ದೇಶದ ಮ್ಯಾಪಲ್ಸ್ ಕೂಡ ಎರಡರಲ್ಲೂ ಬರುತ್ತದೆ. ಆಪಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಸೌಲಭ್ಯ ಬಂದದ್ದು 2023ರ ಐಒಎಸ್ 17ರಲ್ಲಿ.

ಘಾಟಿಯಲ್ಲಿ ಸ್ಕ್ರೀನು

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮ್ಯಾಪು ನೋಡಿ ಕಲಿಯುವಂಥದ್ದೇನೂ ಇಲ್ಲ. ಇರುವುದು ಒಂದೇ ರಸ್ತೆ. ತಿರುವಿನ ಮೇಲಿನ ತೋಳು, ಕೆಳಗಿನ ತೋಳು ಕೆಲವೇ ಮೀಟರುಗಳ ಅಂತರದಲ್ಲಿರುತ್ತವೆ. ದಟ್ಟ ಮರಗಳು, ಒಂದು ಕಡೆಯ ಬಂಡೆ ಉಪಗ್ರಹದ ಸಂಕೇತವನ್ನು ಮರೆಮಾಡಿದಾಗ ಬಾಣವು ಒಂದು ತೋಳಿನಿಂದ ಇನ್ನೊಂದಕ್ಕೆ ಹಾರುತ್ತದೆ, ಆ್ಯಪು ‘ಯು ಟರ್ನ್ ಮಾಡಿ’ ಎನ್ನುತ್ತದೆ. ಘಾಟಿಯ ತಲೆಯಲ್ಲೇ ಧ್ವನಿಯನ್ನು ‘ಅಲರ್ಟ್ಸ್ ಓನ್ಲಿ’ ಮಾಡಿ ಅಥವಾ ಮ್ಯೂಟ್ ಮಾಡಿ, ಕೆಳಗಿಳಿದ ಮೇಲೆ ಮತ್ತೆ ಹಾಕಿ. ಇಳಿಯುವವರು ಏರುವ ವಾಹನಕ್ಕೆ ದಾರಿ ಬಿಡಬೇಕು ಎಂಬುದು ಕಾನೂನು. ಎದುರಿನಿಂದ ಬಸ್ಸು ಬರುತ್ತಿದೆಯೇ ಎಂಬುದನ್ನು ಸ್ಕ್ರೀನು ಹೇಳುವುದಿಲ್ಲ, ಹಾರನ್ನು ಹೇಳುತ್ತದೆ. ಹಾಡಿನ ಸದ್ದು ಅದು ಕೇಳುವಷ್ಟು ತಗ್ಗಿರಲಿ.

ಮಂಜಿನಲ್ಲಿ, ಜೋರು ಮಳೆಯಲ್ಲಿ ಹಗಲಲ್ಲೇ ಹೆಡ್‌ಲೈಟ್ ಹಾಕಿದಾಗ ಅನೇಕ ಕಾರುಗಳು ರಾತ್ರಿಯಾಯಿತೆಂದು ತಿಳಿದು ಸ್ಕ್ರೀನನ್ನು ಮಬ್ಬು ಮಾಡುತ್ತವೆ, ಮ್ಯಾಪು ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಇದು ಕೆಟ್ಟದ್ದಲ್ಲ, ಬಿಳಿ ಸ್ಕ್ರೀನಿನ ಹೊಳಪು ಮಂಜಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಓದಲಾಗದಷ್ಟು ಮಬ್ಬಾದರೆ ಮಾತ್ರ ಕಾರಿನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಾತ್ರಿಯ ಬ್ರೈಟ್‌ನೆಸ್ ಸ್ವಲ್ಪ ಏರಿಸಿ, ನಿಂತು ಮಾಡಿ.

ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳುತ್ತದೆ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ, ನ್ಯಾವಿಗೇಶನ್ ಭಾಗದ ಧ್ವನಿ ಆಯ್ಕೆಯಲ್ಲಿ ಕನ್ನಡ ಆರಿಸಿ, ಇದನ್ನೂ ನೆಟ್‌ವರ್ಕ್ ಇರುವಾಗಲೇ ಮಾಡಿ. ಇಂಗ್ಲಿಷ್ ಧ್ವನಿ ನಮ್ಮ ಊರುಗಳ ಹೆಸರನ್ನು ಜಜ್ಜುವುದು ಕೇಳಿ ಬೇಸತ್ತವರಿಗೆ ಇದರಿಂದ ನೆಮ್ಮದಿ. ಧ್ವನಿ ತೀರಾ ಮೆಲ್ಲಗೆ ಅನ್ನಿಸಿದರೆ ಒಂದು ಗುಟ್ಟು: ಬಹಳಷ್ಟು ಕಾರುಗಳಲ್ಲಿ ಹಾಡಿನ ವಾಲ್ಯೂಮ್ ಬೇರೆ, ದಾರಿ ಹೇಳುವ ವಾಲ್ಯೂಮ್ ಬೇರೆ. ಅದು ಮಾತಾಡುತ್ತಿರುವ ಕ್ಷಣದಲ್ಲೇ ಗುಂಡಿ ತಿರುಗಿಸಿದರೆ ಅದರ ವಾಲ್ಯೂಮ್ ಮಾತ್ರ ಏರುತ್ತದೆ.

ಹಾಡು ಮತ್ತು ಕರೆ

ಆನ್‌ಲೈನ್ ಹಾಡು ಸಾಗರದವರೆಗೆ ಹೇಗೋ ಬರುತ್ತದೆ, ಆಮೇಲೆ ತುಂಡು ತುಂಡು. ಫೋನಿನಲ್ಲಿರುವ ಎಂಪಿ3 ಹಾಡುಗಳಿಗೆ ವಿಎಲ್‌ಸಿ ಆ್ಯಪು ಹಾಕಿಕೊಳ್ಳಿ, ಅದು ಕಾರಿನ ಸ್ಕ್ರೀನಿನಲ್ಲೂ ಬರುತ್ತದೆ. ಚಂದಾ ಕಟ್ಟುವ ಆ್ಯಪುಗಳಲ್ಲಿ ಪಟ್ಟಿಯನ್ನು ಮೊದಲೇ ಡೌನ್‌ಲೋಡ್ ಮಾಡಿ. ಏನೂ ಇಲ್ಲದಿದ್ದರೆ ರೇಡಿಯೋ ಇದ್ದೇ ಇದೆ. ಕಾರಿನಲ್ಲಿ ಎಎಂ ಬ್ಯಾಂಡ್ ಇದ್ದರೆ ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್‌ನಲ್ಲಿ ಹುಡುಕಿ.

ಎರಡು ಸಿಮ್ ಇರುವವರು ಒಳನಾಡಿಗೆ ಹೋಗುವಾಗ ಅಲ್ಲಿ ಸಿಗುವ ಕಂಪನಿಯ ಸಿಮ್ಮಿಗೆ ಡೇಟಾ ಬದಲಿಸಿ. ಹಲವು ಹಳ್ಳಿಗಳಲ್ಲಿ ಅದು ಬಿಎಸ್‌ಎನ್‌ಎಲ್. ಫೋನಿನಲ್ಲಿ ಡೇಟಾ ತಾನಾಗಿ ಸಿಮ್ ಬದಲಿಸುವ ಆಯ್ಕೆ ಇದ್ದರೆ ಆನ್ ಮಾಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112ಕ್ಕೆ ಕರೆ ಹೋಗುತ್ತದೆ, ಆದ್ದರಿಂದ ತುರ್ತಿನಲ್ಲಿ ಸಿಗ್ನಲ್ ಕಡ್ಡಿ ನೋಡಿ ಕೈಬಿಡಬೇಡಿ, ಪ್ರಯತ್ನಿಸಿ.

ಕೈಯಲ್ಲಿ ಫೋನು ಹಿಡಿದು ಓಡಿಸುವುದು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನ ಪ್ರಕಾರ ಅಪಾಯಕಾರಿ ಚಾಲನೆ. ದಾರಿ ನೋಡಲು ಮಾತ್ರ, ಗಮನ ಕೆಡದಂತೆ ಬಳಸಲು ನಿಯಮದಲ್ಲಿ ಅವಕಾಶವಿದೆ. ಚಾಲಕರ ಎದುರು ವಿಡಿಯೋ ಓಡಿಸಲು ಕೆಲವು ಅಂಗಡಿಗಳು ಕಾರು ಓಡುವಾಗ ವಿಡಿಯೋ ತಡೆಯುವ ಹ್ಯಾಂಡ್‌ಬ್ರೇಕ್ ತಂತಿಯನ್ನು ಅಡ್ಡಹಾಯಿಸಿ ಕೊಡುತ್ತವೆ. ಬೇಡ ಅನ್ನಿ.

ಕೈಕೊಟ್ಟಾಗ

ಜೋಡಣೆ ಬಂದು ಬಂದು ಹೋಗುತ್ತಿದ್ದರೆ ಮೊದಲ ಅನುಮಾನ ಪೋರ್ಟಿನ ಮೇಲಿರಲಿ. ಡಿಸೆಂಬರಿನಿಂದ ಮೇವರೆಗೆ ಮಣ್ಣುರಸ್ತೆಯ ಧೂಳು, ಜೇಬಿನ ನೂಲಿನ ಹೊಟ್ಟು ಸೇರಿ ಫೋನಿನ ಪೋರ್ಟಿನ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಪ್ಲಗ್ಗು ಪೂರ್ತಿ ಒಳಗೆ ಹೋಗದೆ ಸಡಿಲ ಅನ್ನಿಸುತ್ತದೆ. ಫೋನನ್ನು ಸ್ವಿಚ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಬದಿಗಳನ್ನು ಮೆಲ್ಲಗೆ ಕೆರೆದು ತೆಗೆಯಿರಿ. ಪಿನ್ನು, ಸೂಜಿ ಬೇಡ, ಒಳಗಿನ ಸಂಪರ್ಕ ಬಿಂದುಗಳು ಶಾರ್ಟ್ ಆಗುತ್ತವೆ. ಮಳೆಗಾಲದಲ್ಲಿ ‘ತೇವಾಂಶ ಪತ್ತೆಯಾಗಿದೆ’ ಎಂಬ ಎಚ್ಚರಿಕೆ ಬಂದರೆ ಕೇಬಲ್ ಕಿತ್ತು, ಪೋರ್ಟು ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಬಿಡಿ. ಅಕ್ಕಿಯ ಡಬ್ಬಿಗೆ ಹಾಕಬೇಡಿ, ಅದರ ಪುಡಿ ಪೋರ್ಟಿಗೆ ಸೇರುತ್ತದೆ. ಆ ದಿನದ ಪ್ರಯಾಣಕ್ಕೆ ವೈರ್‌ಲೆಸ್ ಬಳಸಿ. ವೈರ್‌ಲೆಸ್ ನಿಜಕ್ಕೂ ಆಪದ್ಬಾಂಧವನಾಗುವುದು ಇಂಥಲ್ಲೇ.

ಪೋರ್ಟು ಸ್ವಚ್ಛವಿದ್ದರೆ ಕೇಬಲ್ ಬದಲಿಸಿ. ಅದೂ ಸರಿಯಿದ್ದರೆ ಫೋನನ್ನು ರೀಸ್ಟಾರ್ಟ್ ಮಾಡಿ, ಆಮೇಲೆ ಕಾರಿನ ಸಿಸ್ಟಂ. ಹಲವು ಕಾರುಗಳಲ್ಲಿ ಸ್ಕ್ರೀನಿನ ಪವರ್ ಗುಂಡಿಯನ್ನು ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿದರೆ ಅದು ಮರುಶುರುವಾಗುತ್ತದೆ. ಎಂಜಿನ್ ಆರಿಸಿ ತಕ್ಷಣ ಶುರು ಮಾಡಿದರೆ ಸಾಲದು. ಬಾಗಿಲು ತೆಗೆದು, ಲಾಕ್ ಮಾಡಿ, ಕೆಲ ನಿಮಿಷ ಬಿಡಬೇಕು. ಬಾಗಿಲು ತೆರೆಯುವವರೆಗೆ ಅನೇಕ ಸಿಸ್ಟಂಗಳು ಪೂರ್ತಿ ಮಲಗುವುದಿಲ್ಲ.

ನಿನ್ನೆವರೆಗೆ ಸರಿಯಿದ್ದು ಫೋನಿನ ಅಪ್‌ಡೇಟ್ ಆದಮೇಲೆ ಕೆಟ್ಟರೆ ಹಳೆಯ ಗುರುತನ್ನು ಎರಡೂ ಕಡೆ ಅಳಿಸಿ. ಒಂದೇ ಕಡೆ ಅಳಿಸಿದರೆ ಇನ್ನೊಂದು ಕಡೆ ಹಳೆಯದನ್ನೇ ಹಿಡಿದು ಕೂರುತ್ತದೆ. ಆಂಡ್ರಾಯ್ಡ್ ಆಟೋ ಪುಟದಲ್ಲಿ ‘ಪ್ರೀವಿಯಸ್ಲಿ ಕನೆಕ್ಟೆಡ್ ಕಾರ್ಸ್’ಗೆ ಹೋಗಿ ಮರೆಸಿ, ಐಫೋನಿನಲ್ಲಿ ಕಾರ್‌ಪ್ಲೇ ಪಟ್ಟಿಯ ಕಾರನ್ನು ‘ಫರ್ಗೆಟ್’ ಮಾಡಿ, ಬ್ಲೂಟೂತ್ ಪಟ್ಟಿಯಿಂದಲೂ ತೆಗೆಯಿರಿ, ಕಾರಿನಲ್ಲೂ ಫೋನಿನ ಹೆಸರು ಅಳಿಸಿ, ಹೊಸದಾಗಿ ಜೋಡಿಸಿ.

ಅರ್ಧ ಗಂಟೆ ಓಡಿ ಆಮೇಲೆ ತಾನೇ ನಿಲ್ಲುವ ಕಾಯಿಲೆ ಶಿಯೋಮಿ, ವಿವೋ, ಒಪ್ಪೋ, ರಿಯಲ್‌ಮಿ ಫೋನುಗಳಲ್ಲಿ ಕಂಡರೆ ಬ್ಯಾಟರಿ ಉಳಿಸುವ ವ್ಯವಸ್ಥೆಯನ್ನು ಮೊದಲು ನೋಡಿ. ಹಿನ್ನೆಲೆಯಲ್ಲಿ ಓಡುವ ಆ್ಯಪುಗಳನ್ನು ಅದು ಮುಚ್ಚುತ್ತದೆ. ಆಂಡ್ರಾಯ್ಡ್ ಆಟೋ, ಗೂಗಲ್ ಮ್ಯಾಪ್ಸ್ ಎರಡಕ್ಕೂ ಬ್ಯಾಟರಿ ಸೆಟ್ಟಿಂಗ್ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ‘ಆಟೋ ಸ್ಟಾರ್ಟ್’ ಅನುಮತಿಯೂ ಕೊಡಿ.

ವೈರ್‌ಲೆಸ್ ಮನೆಯ ಅಂಗಳದಲ್ಲಿ ಮಾತ್ರ ಜೋಡಣೆಯಾಗದೆ ರಸ್ತೆಗೆ ಬಂದ ಮೇಲೆ ಆಗುತ್ತಿದ್ದರೆ ಫೋನು ಇನ್ನೂ ಮನೆಯ ವೈಫೈಯನ್ನೇ ಹಿಡಿದಿರುತ್ತದೆ. ಹಿಂದಿನ ಸೀಟಿನ ಮಕ್ಕಳಿಗೆಂದು ಅದೇ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದರೂ ಜೋಡಣೆ ಕಡಿಯಬಹುದು. ಹಾಟ್‌ಸ್ಪಾಟನ್ನು ಬೇರೆ ಫೋನಿನಿಂದ ಕೊಡಿ. ಇಂಟರ್‌ನೆಟ್ಟನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಆ್ಯಪು ಇದ್ದರೆ ಆಫ್ ಮಾಡಿ ನೋಡಿ.

ಸ್ಕ್ರೀನಿನ ಸಿಸ್ಟಂ ಅಪ್‌ಡೇಟನ್ನು ದಾರಿಯಲ್ಲಿ ಎಂದೂ ಶುರು ಮಾಡಬೇಡಿ. ನಡುವೆ ಎಂಜಿನ್ ಆರಿದರೆ ಸ್ಕ್ರೀನು ಏಳದೇ ಹೋಗಬಹುದು. ಹಾಗೆಯೇ ಜೋಗದ ಪಾರ್ಕಿಂಗಿನಲ್ಲಿ ಎಂಜಿನ್ ಆರಿಸಿ ಗಂಟೆಗಟ್ಟಲೆ ಹಾಡು ಹಾಕಿದರೆ ಕಾರಿನ 12 ವೋಲ್ಟ್ ಬ್ಯಾಟರಿ ಇಳಿಯುತ್ತದೆ, ಹಳೆಯ ಬ್ಯಾಟರಿಯಾದರೆ ತಳ್ಳಲು ಜನ ಹುಡುಕಬೇಕಾಗುತ್ತದೆ.

ಹೊಸ ಸ್ಕ್ರೀನು ಹಾಕಿಸುವವರಿಗೆ

ಹಳೆಯ ಕಾರಿಗೆ 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೋ ಹಾಕಿಸುವುದು ಈಗ ಎಲ್ಲ ಊರಲ್ಲೂ ಇದೆ. ಅದರೊಳಗೇ ಒಂದು ಆಂಡ್ರಾಯ್ಡ್ ಇರುತ್ತದೆ, ಅದಕ್ಕೂ ಆಂಡ್ರಾಯ್ಡ್ ಆಟೋಗೂ ಸಂಬಂಧವಿಲ್ಲ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಬೇಕಾದರೆ ಜಡ್‌ಲಿಂಕ್‌ನಂಥ ಆ್ಯಪು ಅದರಲ್ಲಿದೆಯೇ ಎಂದು ಅಂಗಡಿಯಲ್ಲಿ ನಿಮ್ಮದೇ ಫೋನು ಹಾಕಿ ನೋಡಿ, ಬಾಯಿಮಾತು ಕೇಳಬೇಡಿ. 2 ಜಿಬಿ ರ್‍ಯಾಮ್ ತಡವರಿಸುತ್ತದೆ, 4 ಜಿಬಿ ಇರಲಿ. ಸೆಟ್ಟಿಂಗ್ಸ್‌ನಲ್ಲಿ ಸುಳ್ಳು ಅಂಕಿ ತೋರಿಸುವ ಮಾಲೂ ಮಾರುಕಟ್ಟೆಯಲ್ಲಿದೆ, ಹಾರ್ಡ್‌ವೇರ್ ಪರೀಕ್ಷಿಸುವ ಆ್ಯಪು ಹಾಕಿ ನೋಡಬಹುದು. ಜಿಪಿಎಸ್ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಒಳಗೆ ಲೋಹದ ಕೆಳಗೆ ತುರುಕದೆ ಗಾಜಿನ ಹತ್ತಿರ ಮೇಲ್ಮುಖವಾಗಿ ಅಂಟಿಸಲು ಹೇಳಿ. ತಂತಿ ಕತ್ತರಿಸಿ ಟೇಪು ಸುತ್ತುವ ಅಂಗಡಿಗೆ ಕೊಡಬೇಡಿ. ತಂತಿ ಕತ್ತರಿಸದೆ ಸಿಕ್ಕಿಸುವ, ನಿಮ್ಮ ಕಾರಿನ ಮಾದರಿಗೆ ಹೊಂದುವ ಕಪ್ಲರ್ ಕೇಳಿ. ಕತ್ತರಿಸಿದ ತಂತಿಯ ಜೋಡು ಇಲ್ಲಿನ ತೇವಕ್ಕೆ ಹಸಿರು ಹಿಡಿಯುತ್ತದೆ. ಸ್ಟೀರಿಂಗಿನ ಗುಂಡಿಗಳು ಕೆಲಸ ಮಾಡಲು ಕೆಲವು ಕಾರುಗಳಿಗೆ ಕ್ಯಾನ್ ಬಸ್ ಡಬ್ಬಿ (ಕಾರಿನ ಸಂಕೇತವನ್ನು ಸ್ಟೀರಿಯೋಗೆ ತಿಳಿಸುವ ಸಾಧನ) ಬೇರೆಯಾಗಿ ಬೇಕು, ಅದರ ಬೆಲೆ ಸೇರಿದೆಯೇ ಕೇಳಿ.

ಕಾರು ಬೇರೆಯವರ ಕೈಗೆ ಹೋಗುವಾಗ

ಬಾಡಿಗೆ ಕಾರು, ಟ್ಯಾಕ್ಸಿಯ ಸ್ಕ್ರೀನಿಗೆ ಫೋನು ಜೋಡಿಸಿದಾಗ ‘ಕಾಂಟ್ಯಾಕ್ಟ್ಸ್ ಸಿಂಕ್’ ಕೇಳಿದರೆ ಬೇಡ ಎನ್ನಿ. ಬ್ಲೂಟೂತ್ ಮೂಲಕ ನಿಮ್ಮ ಫೋನ್‌ಬುಕ್, ಕರೆಗಳ ಪಟ್ಟಿ ಕಾರಿನ ನೆನಪಿನಲ್ಲಿ ಉಳಿಯಬಹುದು. ಇಳಿಯುವ ಮೊದಲು ಕಾರಿನ ಬ್ಲೂಟೂತ್ ಪಟ್ಟಿಯಿಂದ ನಿಮ್ಮ ಫೋನಿನ ಹೆಸರು ಅಳಿಸಿ. ಸ್ವಂತ ಕಾರು ಮಾರುವಾಗ ಅಷ್ಟು ಸಾಲದು, ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ‘ಫ್ಯಾಕ್ಟರಿ ರೀಸೆಟ್’ ಮಾಡಿ. ಕಾರಿನ ಕಂಪನಿಯ ಆ್ಯಪು ನಿಮ್ಮ ಫೋನಿನಲ್ಲಿದ್ದರೆ ಅದರಲ್ಲೂ ಕಾರನ್ನು ತೆಗೆದುಹಾಕಿ. ಇಲ್ಲದಿದ್ದರೆ ಹೊಸ ಮಾಲೀಕರ ಕಾರು ಎಲ್ಲಿ ನಿಂತಿದೆಯೆಂದು ನಿಮಗೆ ಕಾಣುತ್ತಿರುತ್ತದೆ, ಅವರು ತಮ್ಮ ಹೆಸರಲ್ಲಿ ನೋಂದಾಯಿಸಲೂ ಆಗುವುದಿಲ್ಲ.